ಐದು ರಾತ್ರಿಗೆ ಯಾವ ದ್ವೀಪ?

ಪ್ರಶ್ನೆ: ಜುಲೈ ಕೊನೆಯ ವಾರ ಗ್ರೀಸ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು, ಮೊಣಕಾಲು ನೋವಿರುವ ನಮ್ಮತ್ತೆ. ಅಥೆನ್ಸ್‌ನಲ್ಲಿ ಇಳಿದು ಐದು ರಾತ್ರಿ ಒಂದು ದ್ವೀಪದಲ್ಲಿರಬೇಕೆಂಬ ಆಸೆ. ನನಗೆ ಸ್ಯಾಂಟೊರಿನಿ ಮೇಲೆ ಕಣ್ಣು. ಮಕ್ಕಳಿಗೆ ನೀರಾಟ ಸಿಕ್ಕರೆ ಸಾಕು. ಸ್ಯಾಂಟೊರಿನಿ, ನ್ಯಾಕ್ಸೊಸ್, ಹೈಡ್ರಾ, ಈ ಮೂರರಲ್ಲಿ ಯಾವುದು?

ಉತ್ತರ: ನಿಮ್ಮ ಪಟ್ಟಿಯಲ್ಲಿಲ್ಲದ ಈಜಿನಾಗೆ ಹೋಗಿ ಎನ್ನುತ್ತೇನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೇಳಿ.

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಅಲ್ಲಿಯವರು ಅದನ್ನು ಮೆಲ್ಟೆಮಿ ಎನ್ನುತ್ತಾರೆ. ಆಕಾಶ ನೀಲಿಯಾಗಿ ಹೊಳೆಯುತ್ತಿರುತ್ತದೆ, ಒಂದು ಮೋಡವೂ ಇರುವುದಿಲ್ಲ, ಆದರೆ ಅಲೆ ಎದ್ದು ಹಡಗುಗಳು ನಿಂತುಬಿಡುತ್ತವೆ. ಸಣ್ಣ ವೇಗದೋಣಿಗಳು ಮೊದಲು ನಿಲ್ಲುತ್ತವೆ, ಗಾಳಿ ಜೋರಾದರೆ ದೊಡ್ಡ ಹಡಗುಗಳೂ ಹೊರಡುವುದಿಲ್ಲ. ನನ್ನ ಮಗಳಿಗೆ ಆರು ವರ್ಷವಿದ್ದಾಗ ನ್ಯಾಕ್ಸೊಸ್‌ನಿಂದ ಕೊನೆಯ ದಿನ ಹೊರಟು ಅದೇ ರಾತ್ರಿ ವಿಮಾನ ಹಿಡಿಯುವ ಯೋಜನೆ ಹಾಕಿದ್ದೆ. ಗಾಳಿ ಬಿಡಲಿಲ್ಲ. ಬಂದರಿನ ಬೆಂಚಿನ ಮೇಲೆ ಅವಳನ್ನು ತೊಡೆಯಲ್ಲಿ ಮಲಗಿಸಿಕೊಂಡು ರಾತ್ರಿ ಕಳೆದೆ, ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಅಂದಿನಿಂದ ಯಾರು ಕೇಳಿದರೂ ಮೊದಲು ಹಡಗಿನ ಗಂಟೆ ಎಣಿಸಲು ಹೇಳುತ್ತೇನೆ.

ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ನ್ಯಾಕ್ಸೊಸ್‌ಗೆ ಮಾಮೂಲಿ ಹಡಗಿನಲ್ಲಿ ಐದು ಗಂಟೆಗೂ ಮೇಲೆ. ಸ್ಯಾಂಟೊರಿನಿಗೆ ಇನ್ನೂ ಹೆಚ್ಚು. ಹೋಗಿ ಬರುವುದರಲ್ಲೇ ಒಂದು ದಿನದ ಲೆಕ್ಕ ಮುಗಿಯಿತು, ಮಕ್ಕಳಿಗೆ ಹೊಟ್ಟೆ ತೊಳಸುವುದು ಬೇರೆ. ಈಜಿನಾಗೆ ವೇಗದೋಣಿಯಲ್ಲಿ ಸುಮಾರು 40 ನಿಮಿಷ, ದೊಡ್ಡ ಹಡಗಿನಲ್ಲಿ ಒಂದೂಕಾಲು ಗಂಟೆ. ಅದು ಸರೋನಿಕ್ ಕೊಲ್ಲಿಯೊಳಗಿದೆ, ತೆರೆದ ಏಜಿಯನ್‌ನಷ್ಟು ಗಾಳಿ ಅಲ್ಲಿಗೆ ಬಡಿಯುವುದಿಲ್ಲ. 2022ರಿಂದ ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್‌ವರೆಗೆ ನೇರ ಮೆಟ್ರೊ ಇದೆ, ಸುಮಾರು ಒಂದು ಗಂಟೆಯ ದಾರಿ. ನಿಮ್ಮ ಅತ್ತೆಯವರು ರೈಲು ಬದಲಿಸಬೇಕಿಲ್ಲ.

ದ್ವೀಪದ ಪೂರ್ವಕ್ಕೆ ಅಗಿಯಾ ಮರೀನಾ ಎಂಬಲ್ಲಿ ಮರಳಿನ ದಂಡೆ, ಆಳವಿಲ್ಲದ ನೀರು. ನಾಲ್ಕು ವರ್ಷದವನು ಮೊಣಕಾಲು ನೀರಿನಲ್ಲಿ ಕೂತು ಗಂಟೆಗಟ್ಟಲೆ ಆಡಬಲ್ಲ. ದೊಡ್ಡವನಿಗೆ ಅದರ ಮೇಲಿನ ಗುಡ್ಡದಲ್ಲಿ ಅಫಾಯಿಯಾ ದೇವಾಲಯ ತೋರಿಸಿ. ಎರಡೂವರೆ ಸಾವಿರ ವರ್ಷ ಹಳೆಯದು, ಇಂದಿಗೂ ಕಂಬಗಳು ನಿಂತಿವೆ. ಬಿಸಿಲೇರುವ ಮುಂಚೆ ಹೋಗಿ.

ಸ್ಯಾಂಟೊರಿನಿಯ ಚಂದ ಸುಳ್ಳಲ್ಲ. ಜ್ವಾಲಾಮುಖಿ ಕುಸಿದು ಉಳಿದ ಕಡಿದಾದ ಬಂಡೆಯಂಚಿನಲ್ಲಿ ಆ ಬಿಳಿ ಮನೆಗಳು ನಿಂತಿವೆ. ಆದರೆ ಊರೆಂದರೆ ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು. ದ್ವೀಪದ ಮುಖ್ಯ ಊರಾದ ಫಿರಾದ ಹಳೆಯ ಬಂದರಿಗೇ ಐನೂರಕ್ಕೂ ಹೆಚ್ಚಿವೆ. ಅಲ್ಲಿಗೆ ಕೇಬಲ್ ಕಾರ್ ಇದೆ ನಿಜ, ಊರೊಳಗಿನ ಮೆಟ್ಟಿಲಿಗೆ ಏನು ಮಾಡುತ್ತೀರಿ? ಪೆರಿಸ್ಸಾ, ಕಮಾರಿ ದಂಡೆಗಳ ಕಪ್ಪು ಮರಳು ಮಧ್ಯಾಹ್ನ ಮಗುವಿನ ಅಂಗಾಲು ಸುಡುತ್ತದೆ. ನಿಮ್ಮ ಆಸೆಯನ್ನು ಚಿವುಟಲು ನನಗೂ ಮನಸ್ಸಿಲ್ಲ, ಮಕ್ಕಳು ಬೆಳೆದ ಮೇಲೆ ನೀವಿಬ್ಬರೇ ಹೋಗಿ ಬನ್ನಿ.

ಹೈಡ್ರಾದಲ್ಲಿ ಕಾರುಗಳಿಲ್ಲ, ಹೇಸರಗತ್ತೆಗಳೇ ಸಾಮಾನು ಹೊರುತ್ತವೆ. ಆದರೆ ಜನ ಬಂಡೆಯಿಂದ ನೇರ ಆಳದ ನೀರಿಗಿಳಿಯುತ್ತಾರೆ. ಸಣ್ಣ ಮಗುವಿಗೆ ಬೇಡ.

ನಿಮ್ಮ ಮೂರರಲ್ಲೇ ಒಂದು ಬೇಕೆಂದರೆ ನ್ಯಾಕ್ಸೊಸ್. ಅಗಿಯೊಸ್ ಜಾರ್ಜಿಯೊಸ್ ದಂಡೆ ಊರಿಗೆ ಅಂಟಿಕೊಂಡೇ ಇದೆ, ನೀರು ಬಹುದೂರ ಆಳವಿಲ್ಲ. ಅಲ್ಲಿ ನಾಲ್ಕೇ ರಾತ್ರಿ ಇಟ್ಟುಕೊಂಡು ಐದನೆಯದನ್ನು ಅಥೆನ್ಸ್‌ನಲ್ಲಿ ಕಳೆಯಿರಿ. ಇದೊಂದನ್ನು ದಯವಿಟ್ಟು ಬದಲಿಸಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ನಾಲ್ಕು ದಿನ ಮಕ್ಕಳೊಂದಿಗೆ ಮಾಲ್ಡೀವ್ಸ್. ವಿಮಾನ ರಾತ್ರಿ ಎಂಟಕ್ಕೆ ಮಾಲೆ ತಲುಪುತ್ತದೆ. ಸೀಪ್ಲೇನ್‌ನಲ್ಲಿ ಹೋಗುವ ದ್ವೀಪ ಇಷ್ಟವಾಗಿದೆ. ಸರಿಯೇ?

ಉತ್ತರ: ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ಮೊದಲ ರಾತ್ರಿ ಮಾಲೆಯ ಆಸುಪಾಸಿನಲ್ಲೇ ತಂಗಬೇಕಾಗುತ್ತದೆ, ನಾಲ್ಕು ದಿನ ಮೂರಾಗುತ್ತದೆ. ರಾತ್ರಿಯೂ ಸ್ಪೀಡ್‌ಬೋಟ್ ಕಳುಹಿಸುವ ಹತ್ತಿರದ ದ್ವೀಪ ಹುಡುಕಿ. ಆಗಸ್ಟ್ ನೈಋತ್ಯ ಮುಂಗಾರಿನ ಕಾಲ, ಮಳೆಯ ಒಂದೆರಡು ದಿನಗಳಿಗೆ ಸಿದ್ಧರಾಗಿರಿ. ಕೋಣೆ ಕಾಯ್ದಿರಿಸುವ ಮುಂಚೆ ಒಂದು ಮಾತು ಕೇಳಿ: ದಂಡೆಯ ಮುಂದೆ ಅಗಲವಾದ ಆಳವಿಲ್ಲದ ಲಗೂನ್ (ಹವಳದ ದಿಬ್ಬದೊಳಗಿನ ಶಾಂತ ನೀರು) ಇದೆಯೇ, ಇಲ್ಲ ಹವಳದ ಗೋಡೆ ಹತ್ತಿರದಲ್ಲೇ ಆಳಕ್ಕೆ ಇಳಿಯುತ್ತದೆಯೇ? ಎರಡನೆಯದು ಮುಳುಗು ಹಾಕುವ ದೊಡ್ಡವರಿಗೆ ಸ್ವರ್ಗ, ನಿಮ್ಮ ಮಕ್ಕಳಿಗೆ ಮೊದಲನೆಯದೇ ಆಗಬೇಕು.