ಸ್ವೀಡನ್‌ನಲ್ಲಿ ಅಪ್ಪನ ರಜೆ ಹಾಕೋಕೆ ಹಿಂಜರಿಕೆ

ಆರು ತಿಂಗಳು ರಜೆ ಹಾಕಿ ಮಗು ನೋಡಿಕೊಂಡರೆ ಆಫೀಸಿನಲ್ಲಿ ಬೆಲೆ ಹೋಗುತ್ತಾ ಅಂತ ಕೇಳಿದ್ದೀರಿ, ಆದರೆ ನಿಮ್ಮನ್ನು ತಡೆಯುತ್ತಿರುವುದು ಆಫೀಸಲ್ಲ, 'ಗಂಡಸು ಮನೇಲಿ ಕೂರೋದಾ' ಅನ್ನುವ ನಿಮ್ಮಪ್ಪನ ಫೋನು ಅನಿಸುತ್ತದೆ. ಸ್ಟಾಕ್‌ಹೋಮ್‌ನಲ್ಲಿ ವಾರದ ದಿನ ಬೆಳಗ್ಗೆ ಪಾರ್ಕಿಗೆ ಹೋಗಿ ನೋಡಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಸ್ಟ್ರಾಲರ್ ಹಿಡಿದ ಅಪ್ಪಂದಿರು ಸಿಗುತ್ತಾರೆ. ಇದು ಸುಮ್ನೆ ಆಗಿದ್ದಲ್ಲ. ತಾಯಿಯ ರಜೆಯನ್ನು 1974ರಲ್ಲೇ ಇಬ್ಬರ ರಜೆ ಮಾಡಿದರೂ ಗಂಡಸರು ಜಾಸ್ತಿ ತಗೊಳ್ಳಲಿಲ್ಲ, 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಮೀಸಲು, ಬಿಟ್ಟರೆ ಹೋಯಿತು ಅಂದ ಮೇಲೆ ಚಿತ್ರ ಬದಲಾಯಿತು. ಈಗ ಒಂದು ಮಗುವಿಗೆ ಅಪ್ಪ-ಅಮ್ಮ ಇಬ್ಬರಿಗೂ ಸೇರಿ ಸಿಗುವ 480 ದಿನದ ರಜೆಯಲ್ಲಿ 90 ದಿನ ನಿಮ್ಮದೇ, ಹೆಂಡತಿಗೂ ಬಿಟ್ಟುಕೊಡೋಕೆ ಆಗಲ್ಲ.

ಮೊದಲು ಹೆಂಡತಿ ಜೊತೆ ಕೂತು ಅವರು ಕೆಲಸಕ್ಕೆ ಮರಳುವ ತಾರೀಕು ಗೊತ್ತು ಮಾಡಿಕೊಳ್ಳಿ. ಮ್ಯಾನೇಜರ್‌ಗೆ ಕನಿಷ್ಠ ಎರಡು ತಿಂಗಳು ಮುಂಚೆ ಬರೆದು ತಿಳಿಸಿ. ಬೇಡಿಕೊಳ್ಳುವ ಧಾಟಿ ಬೇಡ, ಇದು ನಿಮ್ಮ ಹಕ್ಕು. ಆಮೇಲೆ ಸಾಮಾಜಿಕ ವಿಮಾ ಇಲಾಖೆಗೆ ಅರ್ಜಿ ಹಾಕಿ. 480ರಲ್ಲಿ 390 ದಿನಕ್ಕೆ ಸಂಬಳದ ಸುಮಾರು ಶೇ 80 ಬರುತ್ತದೆ, ಅದಕ್ಕೊಂದು ಮೇಲ್ಮಿತಿ ಇದೆ. ಇದರ ಮೇಲೆ ನಿಮ್ಮ ಕಂಪನಿ ಏನಾದರೂ ಸೇರಿಸುತ್ತದೋ ಇಲ್ಲವೋ, ಎಚ್‌ಆರ್‌ ಹತ್ತಿರವೇ ಕೇಳಬೇಕು.

ಅಪ್ಪನ ಜೊತೆ ವಾದಕ್ಕಿಳಿಯಬೇಡಿ. ಮಗುವಿಗೆ ರಾಗಿ ಸರಿ ತಿನ್ನಿಸುವಾಗಲೇ ವಿಡಿಯೋ ಕಾಲ್ ಮಾಡಿ. ನಮ್ಮಪ್ಪ ಮೊದಮೊದಲು ಮುಖ ಸಿಂಡರಿಸಿದರು, ಆಮೇಲಾಮೇಲೆ 'ಗಟ್ಟಿಯಾಯ್ತು, ಒಂಚೂರು ನೀರು ಹಾಕೋ' ಅಂತ ಅಲ್ಲಿಂದಲೇ ಹೇಳೋಕೆ ಶುರು ಮಾಡಿದರು. ನಿಮ್ಮ ತಂದೆಯೂ ಹಾಗೇ ಬದಲಾಗುತ್ತಾರೆ ಅಂತ ಖಾತ್ರಿ ಕೊಡಲಾರೆ, ಆದರೆ ಅದಕ್ಕಾಗಿ ಕಾಯಬೇಡಿ, ಮ್ಯಾನೇಜರ್‌ಗೆ ಮೇಲ್ ಈ ವಾರವೇ ಕಳಿಸಿ.