ಬಣ್ಣ ನಂಬಿದರೆ ಬದುಕು ನಡೆದೀತೆ?

ಪ್ರಶ್ನೆ: ನಾನು ತಿಪಟೂರು ಸಮೀಪದ ಹಳ್ಳಿಯವಳು, ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಚಿತ್ರಕಲೆಯಲ್ಲೇ ಪದವಿ ಓದಬೇಕೆಂಬ ಆಸೆ. ‘ಬಣ್ಣ ಬಳಿದರೆ ಹೊಟ್ಟೆ ತುಂಬುತ್ತದೆಯೇ, ಬಿ.ಕಾಂ. ಸೇರು’ ಎನ್ನುತ್ತಾರೆ ತೆಂಗಿನ ತೋಟ ನೋಡಿಕೊಂಡಿರುವ ಅಪ್ಪ. ಅವರನ್ನು ಹೇಗೆ ಒಪ್ಪಿಸಲಿ?

ಉತ್ತರ: ನಿಮ್ಮ ತಂದೆಯವರನ್ನು ಕಾಡುತ್ತಿರುವುದು ಮಗಳ ಅನ್ನದ ಚಿಂತೆ. ಆದ್ದರಿಂದ ಕಲೆಯ ಹಿರಿಮೆಯನ್ನು ಬಣ್ಣಿಸುವ ಬದಲು ಓದಿನ ಅವಧಿ, ಖರ್ಚು, ಮುಂದಿನ ದುಡಿಮೆ ಇವುಗಳ ಲೆಕ್ಕವನ್ನು ಅವರ ಮುಂದಿಡಿ. ದೃಶ್ಯಕಲಾ ಪದವಿ ನಾಲ್ಕು ವರ್ಷದ್ದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಮತ್ತು ಮೈಸೂರಿನ ಸರ್ಕಾರಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಈ ಎರಡೂ ಕಡೆಯ ಶುಲ್ಕ ಹಾಗೂ ಹಾಸ್ಟೆಲ್ ಖರ್ಚನ್ನು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚಿತ್ರ ಮಾರಿಯೇ ಸಂಸಾರ ನಡೆಸುವುದು ಮೊದಲ ಕೆಲವು ವರ್ಷ ಬಹುಪಾಲು ಕಲಾವಿದರಿಗೆ ಆಗದ ಮಾತು, ಅದನ್ನು ಮುಚ್ಚಿಡಬೇಡಿ. ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆಯುವುದು, ಜಾಹೀರಾತು ವಿನ್ಯಾಸ, ಅನಿಮೇಷನ್, ಶಾಲೆಯ ಚಿತ್ರಕಲಾ ಶಿಕ್ಷಕ ವೃತ್ತಿ ಇವೆಲ್ಲ ಅದೇ ಓದಿನಿಂದ ಸಿಗುವ ದಾರಿಗಳೆಂಬುದನ್ನೂ ತಿಳಿಸಿ.

ಬಿ.ಕಾಂ. ಓದುತ್ತಾ ಸಂಜೆ ಚಿತ್ರ ಬರೆಯಿರಿ ಎಂಬ ಸುಲಭದ ಸಲಹೆಯನ್ನು ನಾನು ಕೊಡಲಾರೆ. ದಿನಕ್ಕೆ ಆರೇಳು ಗಂಟೆ ಕೂತು, ಬರೆದದ್ದನ್ನು ತಿದ್ದುವ ಗುರುಗಳ ಕಣ್ಣೆದುರು ಮತ್ತೆ ಮತ್ತೆ ಬರೆದಾಗಲೇ ಕೈ ಪಳಗುತ್ತದೆ. ಇದು ನಿಮ್ಮ ತಂದೆಯವರಿಗೆ ಅರ್ಥವಾಗದ ಸಂಗತಿಯೇನಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರೆಲ್ಲ ಇಂಗಿ ಅಲುಗಿಸಿದರೆ ಕೊಬ್ಬರಿ ಗಿಟುಕು ಸದ್ದು ಮಾಡುವವರೆಗೆ ತಿಂಗಳುಗಟ್ಟಲೆ ಕಾಯುವವರು ಅವರು.

ಕಾಲೇಜು ಸೇರುವವರೆಗಿನ ದಿನಗಳನ್ನು ಸುಮ್ಮನೆ ಕಳೆಯಬೇಡಿ. ಕಾಯಿ ಸುಲಿಯುವಾಗ ಬಾಗುವ ಅಪ್ಪನ ಬೆನ್ನು, ಹೆಂಚಿನ ಸಂದಿಯಿಂದ ಅಟ್ಟದ ಕಾಯಿಗಳ ಮೇಲೆ ಬೀಳುವ ಬಿಸಿಲಕೋಲು, ಇವನ್ನೇ ಪೆನ್ಸಿಲ್ಲಿನಲ್ಲಿ ದಿನಕ್ಕೊಂದರಂತೆ ಬರೆದು ತಾರೀಖು ಹಾಕಿಡಿ. ಪ್ರವೇಶಕ್ಕೆ ಹೋದಾಗಲೂ ಆ ಹಾಳೆಗಳು ನೆರವಾಗುತ್ತವೆ. ಬಿಡುವಾದಾಗ ತಂದೆಯವರೊಂದಿಗೆ ತುಮಕೂರು–ಶಿರಾ ರಸ್ತೆಯ ಸೀಬಿ ನರಸಿಂಹಸ್ವಾಮಿ ದೇವಾಲಯಕ್ಕೆ ಹೋಗಿ, ಅಲ್ಲಿಯ ಚಾವಣಿಯ ವರ್ಣಚಿತ್ರಗಳನ್ನು ಇಬ್ಬರೂ ಕತ್ತೆತ್ತಿ ನೋಡಿ. ಲೆಕ್ಕದ ಹಾಳೆಯನ್ನೂ ನೀವು ಬರೆದ ಚಿತ್ರಗಳನ್ನೂ ಅಲ್ಲೇ ಜಗಲಿಯ ಮೇಲೆ ಕೂತು ಅವರ ಕೈಗೆ ಕೊಡಿ.