ಲೇಕ್ ಟಾಹೋದಲ್ಲಿ 30 ಜನರ ಬೇಸಿಗೆ ಕ್ಯಾಂಪಿಂಗ್: ಮೊದಲ ಸಲ ಹೋಗುವವರು ಏನೇನು ನೋಡಿಕೊಳ್ಳಬೇಕು?

ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಎಂಟು ಕನ್ನಡ ಮನೆಗಳು ಸೇರಿ ಜುಲೈನಲ್ಲಿ ಲೇಕ್ ಟಾಹೋ ಪಕ್ಕ ಮೂರು ರಾತ್ರಿ ಟೆಂಟ್ ಹಾಕಬೇಕು ಅಂತಿದ್ದೀರಿ. ಒಟ್ಟು 30 ಜನ, ಅದರಲ್ಲಿ 11 ಮಕ್ಕಳು. ಮೈಸೂರಿನಿಂದ ಬಂದಿರುವ ನಿಮ್ಮ ಅತ್ತೆ ಮಾವನವರೂ ಇರುತ್ತಾರೆ. ಯಾರಿಗೂ ಕ್ಯಾಂಪಿಂಗ್ ಅಭ್ಯಾಸ ಇಲ್ಲ. ಎಲ್ಲಿ ಉಳಿಯುವುದು, ಊಟಕ್ಕೆ ಏನು ಮಾಡುವುದು, ಹಿರಿಯರನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನಮ್ಮದೂ ಇಂಥದ್ದೇ ಒಂದು ಗುಂಪು. ಆರು ಬೇಸಿಗೆಯಿಂದ ಹೋಗುತ್ತಿದ್ದೇವೆ. ಈ ಮೂರಕ್ಕೂ ಉತ್ತರ ಬರೆಯುತ್ತೇನೆ. ಆದರೆ ನೀವು ಕೇಳದೇ ಇರುವ ಒಂದು ವಿಷಯದಿಂದ ಶುರು ಮಾಡಬೇಕು. ಅದು ನೀರು.

ಟಾಹೋ ಸರೋವರ ಸಮುದ್ರ ಮಟ್ಟದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಅದಕ್ಕಿಂತ ಸ್ವಲ್ಪವೇ ಮೇಲೆ. ಆ ನೆತ್ತಿಯ ಮಟ್ಟದಲ್ಲಿ 35 ಕಿಲೋಮೀಟರ್ ಉದ್ದ, 19 ಕಿಲೋಮೀಟರ್ ಅಗಲದ ಒಂದು ಕೆರೆ ಇದೆ ಅಂತ ಅಂದುಕೊಳ್ಳಿ. ಎಲ್ಲಕ್ಕಿಂತ ಆಳವಾದ ಜಾಗದಲ್ಲಿ 501 ಮೀಟರ್ ಆಳ. ಜೋಗದ ಧುಮುಕನ್ನು ಒಂದರ ಮೇಲೊಂದು ಎರಡು ಸಲ ನಿಲ್ಲಿಸಿದರೆ ಹೆಚ್ಚೂಕಮ್ಮಿ ಅಷ್ಟಾಗುತ್ತದೆ. ಇಷ್ಟು ನೀರು ಪೂರ್ತಿ ಬೆಚ್ಚಗಾಗುವುದು ಸಾಧ್ಯವೇ ಇಲ್ಲ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮೇಲಿನ ಪದರ ಮಾತ್ರ 18ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತದೆ. ತೀರಾ ಕೆಳಗಿನ ನೀರು ವರ್ಷವಿಡೀ ನಾಲ್ಕೈದು ಡಿಗ್ರಿ ಇರುತ್ತದೆ, ಫ್ರಿಜ್‌ನಲ್ಲಿಟ್ಟ ಬಾಟಲಿ ಹಾಗೆ.

ಇನ್ನೂ ಒಂದು ಇದೆ. ಬಿಸಿ ಹಾಲಿನ ಲೋಟಕ್ಕೆ ಊದಿದರೆ ಕೆನೆ ಆಚೆ ಬದಿಗೆ ಹೋಗುತ್ತದಲ್ವಾ? ಟಾಹೋದಲ್ಲೂ ಹಾಗೇ ಆಗುತ್ತದೆ. ನೈಋತ್ಯದಿಂದ ಜೋರು ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ನೀರು ಪೂರ್ವದ ದಡಕ್ಕೆ ಸರಿಯುತ್ತದೆ. ಪಶ್ಚಿಮದ ದಡದಲ್ಲಿ ಕೆಳಗಿನ ತಣ್ಣೀರು ಮೇಲೆದ್ದು ಬರುತ್ತದೆ. ನಿನ್ನೆ ಮಕ್ಕಳು ಆಡಿದ ಅದೇ ಜಾಗದ ನೀರು ಇವತ್ತು ಕಾಲಿಟ್ಟರೆ ಜುಮ್ಮೆನ್ನುತ್ತದೆ. ಬಿಸಿಲು ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಬಿಸಿಲು ನೋಡಿ ನೀರನ್ನು ಅಳೆಯಬೇಡಿ. ದಿನಾ ಕಾಲಿಟ್ಟು ನೋಡಿ.

ನಮ್ಮ ಮೊದಲ ವರ್ಷದ ಎರಡನೇ ದಿನ ಹೀಗೇ ಆಯಿತು. ಹಿಂದಿನ ರಾತ್ರಿ ಪೂರ್ತಿ ಗಾಳಿ ಬೀಸಿತ್ತು. ಗುಂಪಿನ ಒಬ್ಬ ಗೆಳೆಯ, ಚಿಕ್ಕಂದಿನಿಂದ ಕಾವೇರಿಯಲ್ಲಿ ಈಜಿ ಬೆಳೆದವನು, ಪ್ಯಾಡಲ್ ಬೋರ್ಡ್ (ಮೇಲೆ ನಿಂತು ಹುಟ್ಟು ಹಾಕುವ ತೇಲುಹಲಗೆ) ಮೇಲೆ ಸ್ವಲ್ಪ ದೂರ ಹೋಗಿ ನೀರಿಗೆ ಹಾರಿದ. ಲೈಫ್ ಜಾಕೆಟ್ ಬೋರ್ಡಿನ ಮೇಲೇ ಇತ್ತು, ಮೈಮೇಲೆ ಇರಲಿಲ್ಲ. ಮೇಲೆ ಬಂದವನು ಕೂಗಲಿಲ್ಲ, ಕೈ ಬೀಸಲಿಲ್ಲ. ಬಾಯಿ ತೆರೆದು ಉಸಿರು ಎಳೆಯುತ್ತಲೇ ಇದ್ದ. ದಡದಲ್ಲಿ ನಾವು ಹದಿನೈದು ಜನ ದೊಡ್ಡವರು ಇದ್ದೆವು. ಎಲ್ಲರೂ ಚುರುಮುರಿ ಕಲಸುವುದರಲ್ಲಿ, ಮಾತಿನಲ್ಲಿ ಇದ್ದೆವು. ನೋಡಿದ್ದು ನನ್ನ ಒಂಬತ್ತು ವರ್ಷದ ಮಗಳು. 'ಅಪ್ಪಾ, ಮಾಮ ಯಾಕೆ ಹಾಗೆ ಮಾಡ್ತಿದ್ದಾರೆ?' ಅಂದಳು. ಪಕ್ಕದ ಕಯಾಕಿನಲ್ಲಿದ್ದ ಇಬ್ಬರು ಅಪರಿಚಿತರು ಅವನ ಹತ್ತಿರ ಹೋಗಿ ಹಿಡಿದುಕೊಂಡರು. ಆಮೇಲೆ ಒಂದು ಗಂಟೆ ಕಂಬಳಿ ಹೊದ್ದು ಕೂತಿದ್ದ. ನಡುಕ ನಿಲ್ಲಲಿಲ್ಲ.

ತಣ್ಣೀರಿಗೆ ಒಮ್ಮೆಲೇ ಬಿದ್ದರೆ ದೇಹ ತಾನಾಗೇ ಜೋರಾಗಿ ಉಸಿರು ಒಳಗೆಳೆದುಕೊಳ್ಳುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಮೊದಲ ಒಂದು ನಿಮಿಷ ತಲೆ ನೀರಿನ ಮೇಲಿಟ್ಟುಕೊಳ್ಳುವುದೇ ಕೆಲಸ. ಅದಕ್ಕೆ ಜಾಕೆಟ್ ಮೈಮೇಲೇ ಇರಬೇಕು. ದೋಣಿ, ಬೋರ್ಡ್ ಹತ್ತಿ ಹೋಗುವ 13 ವರ್ಷದೊಳಗಿನ ಮಕ್ಕಳು ಜಾಕೆಟ್ ಹಾಕಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ. ನಮ್ಮ ಗುಂಪಿನಲ್ಲಿ ಈಗ ದೊಡ್ಡವರಿಗೂ ಅದೇ ನಿಯಮ.

ಆ ಸಂಜೆ ನಾವು ಕೂತು ಒಂದು ಪಟ್ಟಿ ಮಾಡಿದೆವು. ಅದನ್ನು 'ನೀರಿನ ಕಾವಲು' ಅನ್ನುತ್ತೇವೆ. ಮಕ್ಕಳು ದಡದಲ್ಲಿರುವಷ್ಟು ಹೊತ್ತೂ ಇಬ್ಬರು ದೊಡ್ಡವರು ನೀರನ್ನೇ ನೋಡುತ್ತಿರಬೇಕು. ಅರ್ಧ ಗಂಟೆಗೆ ಪಾಳಿ ಬದಲು. ಪಾಳಿಯಲ್ಲಿರುವವರು ಹಳದಿ ಟೋಪಿ ಹಾಕಿಕೊಳ್ಳುತ್ತಾರೆ, ಫೋನ್ ಬೇರೆಯವರ ಕೈಗೆ ಕೊಡುತ್ತಾರೆ. ಮುಂದಿನವರ ತಲೆಗೆ ಟೋಪಿ ಹಾಕದೆ ಏಳುವ ಹಾಗಿಲ್ಲ. ಎಲ್ಲರೂ ಇದ್ದಾರೆ ಅಂದಾಗ ಯಾರೂ ನೋಡುತ್ತಿರುವುದಿಲ್ಲ. ದೊಡ್ಡ ಗುಂಪಿನಲ್ಲಿ ನನಗೆ ಭಯ ಹುಟ್ಟಿಸುವುದು ಇದೊಂದೇ. ದಯವಿಟ್ಟು ಈ ಪಟ್ಟಿಯನ್ನು ಮನೆಯಿಂದ ಹೊರಡುವ ಮೊದಲೇ ಮಾಡಿ, ಹೆಸರು ಬರೆದು. ನೀರಿಗೆ ಹಾರಿದ ಆ ಗೆಳೆಯ ಪ್ರತಿ ವರ್ಷ ಮೊದಲ ಪಾಳಿ ತಾನೇ ತೆಗೆದುಕೊಳ್ಳುತ್ತಾನೆ.

ಗಾಳಿ ತುಂಬಿದ ಆನೆ, ಬಾತುಕೋಳಿ ಇಂಥ ಆಟಿಕೆ ಮನೆಯಲ್ಲೇ ಬಿಡಿ. ಬೆಳಿಗ್ಗೆ ಸರೋವರ ಕನ್ನಡಿ ಹಾಗಿರುತ್ತದೆ. ಮಧ್ಯಾಹ್ನ ಗಾಳಿ ಏಳುತ್ತದೆ. ಪಶ್ಚಿಮದ ದಡದಲ್ಲಿದ್ದರೆ ಆ ಗಾಳಿ ಆಟಿಕೆಯನ್ನು ನಡುನೀರಿನ ಕಡೆಗೇ ತಳ್ಳುತ್ತದೆ. ನೀರಿನ ಆಟ ಎಲ್ಲಾ ಮಧ್ಯಾಹ್ನದ ಊಟದೊಳಗೆ ಮುಗಿಸಿಬಿಡಿ.

ಈಗ ಜಾಗ. ನಿಮ್ಮಷ್ಟು ಜನಕ್ಕೆ ಪಶ್ಚಿಮದ ದಡದ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕಿನ ಜನರಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಸರಿಯಾದದ್ದು. ಅಲ್ಲಿ ಗ್ರೂಪ್ ಸೈಟ್‌ಗಳಿವೆ, ಒಂದೊಂದರಲ್ಲೂ 40 ಜನರವರೆಗೆ ಇರಬಹುದು. ರಿಸರ್ವ್ ಕ್ಯಾಲಿಫೋರ್ನಿಯಾ ಅನ್ನುವ ಜಾಲತಾಣದಲ್ಲಿ ಆರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ. ಜುಲೈ ವಾರಾಂತ್ಯ ಬೇಕಿದ್ದರೆ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ನಾಲ್ಕು ಮನೆಯವರು ಒಟ್ಟಿಗೆ ಲ್ಯಾಪ್‌ಟಾಪ್ ಮುಂದೆ ಕೂತಿರಿ. ಕ್ಯಾಂಪ್ ಇರುವುದು ಹೈವೇ 89ರ ಒಂದು ಬದಿ, ಸರೋವರ ಇನ್ನೊಂದು ಬದಿ. ಮಕ್ಕಳು ಒಬ್ಬೊಬ್ಬರೇ ದಡಕ್ಕೆ ಓಡುವ ಹಾಗಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಶುಕ್ರವಾರ ಮಧ್ಯಾಹ್ನ ಹೊರಟರೆ ನಾಲ್ಕು ಗಂಟೆಯ ದಾರಿ ಆರು ಗಂಟೆ ಹಿಡಿಯುತ್ತದೆ. ಕತ್ತಲಲ್ಲಿ ಮೊದಲ ಸಲ ಟೆಂಟ್ ಹಾಕುವುದು ತುಂಬಾ ಕಷ್ಟ. ಒಂದು ಭಾನುವಾರ ಯಾರದಾದರೂ ಹಿತ್ತಲಲ್ಲಿ ಎಲ್ಲಾ ಟೆಂಟ್ ಬಿಚ್ಚಿ, ಕಟ್ಟಿ ನೋಡಿ.

ಊಟದ ವಿಷಯದಲ್ಲಿ ನನ್ನ ಮೊದಲ ಮಾತು: ಪ್ರೆಷರ್ ಕುಕ್ಕರ್ ಮರೆಯಬೇಡಿ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ, ಮನೆಯಲ್ಲಿ ಬೇಯುವಷ್ಟು ಹೊತ್ತು ಕುದ್ದರೂ ಕಾಳು ಕಾಳಾಗಿಯೇ ಉಳಿದಿರುತ್ತದೆ. ಮೊದಲ ವರ್ಷದ ಸಾರು ಹಾಗಾಗಿತ್ತು. ಈಗ ಎರಡು ದೊಡ್ಡ ಕುಕ್ಕರ್ ಒಯ್ಯುತ್ತೇವೆ. ಮನೆಯಲ್ಲಿ ಮೂರು ಕೂಗಿಸುವ ಬೇಳೆಗೆ ಅಲ್ಲಿ ಒಂದೆರಡು ಜಾಸ್ತಿ. ಪುಳಿಯೋಗರೆ ಗೊಜ್ಜು, ಹುರಿದ ರವೆ, ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ ಮನೆಯಿಂದಲೇ ಮಾಡಿಕೊಂಡು ಹೋಗಿ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಗೊಜ್ಜವಲಕ್ಕಿ, ರಾತ್ರಿ ಒಂದೇ ಒಂದು ಬಿಸಿ ಅಡುಗೆ. ದೋಸೆ ಹಿಟ್ಟು ಬೇಡ. 30 ಜನಕ್ಕೆ ದೋಸೆ ಹುಯ್ಯುವವರು ಸರೋವರ ನೋಡುವುದೇ ಇಲ್ಲ. ಅಡುಗೆಯನ್ನು ಹೆಂಗಸರಿಗೇ ಬಿಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ನಾವು ದಿನಕ್ಕೆರಡು ಮನೆ ಅಂತ ಹಂಚಿಕೊಳ್ಳುತ್ತೇವೆ. ಆ ದಿನ ಆ ಎರಡು ಮನೆಯ ಗಂಡಸರು ಒಲೆ ಮುಂದೆ, ಮಕ್ಕಳು ಪಾತ್ರೆ ತೊಳೆಯಲು.

ಕರಡಿಗಳು ನಿಜವಾಗಿಯೂ ಬರುತ್ತವೆ. ಇಲ್ಲಿರುವುದು ಕಪ್ಪು ಕರಡಿ. ಸಾಮಾನ್ಯವಾಗಿ ಮನುಷ್ಯರ ಮೇಲೆ ಬೀಳುವುದಿಲ್ಲ, ಅದಕ್ಕೆ ಬೇಕಾದ್ದು ನಮ್ಮ ಊಟ. ಕಾರಿನ ಬಾಗಿಲಿನ ಹಿಡಿ ಎಳೆದು ತೆಗೆಯುವುದನ್ನೂ ಕಲಿತಿವೆ, ಹಾಗಾಗಿ ಕಾರಿನಲ್ಲೂ ತಿಂಡಿ ಇಡಬಾರದು. ಕ್ಯಾಂಪಿನಲ್ಲಿ ಕಬ್ಬಿಣದ ಕರಡಿ ಪೆಟ್ಟಿಗೆಗಳಿರುತ್ತವೆ. ಅಕ್ಕಿ, ಬೇಳೆ ಅಷ್ಟೇ ಅಲ್ಲ, ವಾಸನೆ ಬರುವ ಎಲ್ಲವೂ ಅದರೊಳಗೆ ಹೋಗಬೇಕು. ನಮ್ಮವರಿಗೆ ಹೊಳೆಯದ ಕೆಲವು ಇವೆ: ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಊದುಬತ್ತಿ, ಅಜ್ಜಿ ದಿಂಬಿನ ಕೆಳಗಿಟ್ಟುಕೊಳ್ಳುವ ಅಡಿಕೆ ಎಲೆ ಚೀಲ, ಮಗುವಿನ ಕೈಯಲ್ಲಿ ಉಳಿದ ಚಕ್ಕುಲಿ. ಮಲಗುವ ಮುಂಚೆ ಒಬ್ಬರು ಟೆಂಟ್ ಟೆಂಟಿಗೂ ಹೋಗಿ ಕೇಳಿ ಬರಲಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತದೆ. ನಮ್ಮ ಒಂದು ಚೀಲ ಚಕ್ಕುಲಿಗೆ ಅದರ ಜೀವ ಹೋಗಬಾರದು.

ಬೆಂಕಿ: ಸೌದೆ ಮನೆಯಿಂದ ಒಯ್ಯಬೇಡಿ, ಅದರಲ್ಲಿ ಮರ ಕೊರೆಯುವ ಹುಳು ಜೊತೆಗೆ ಹೋಗುತ್ತದೆ. ಪಾರ್ಕಿನಲ್ಲಿ ಬಿದ್ದ ಕಡ್ಡಿ ಆರಿಸುವುದಕ್ಕೂ ಅನುಮತಿ ಇಲ್ಲ. ಅಲ್ಲೇ ಕೊಳ್ಳಿ. ಬೇಸಿಗೆ ಏರಿದಂತೆ ಸೌದೆ ಬೆಂಕಿಯನ್ನೇ ನಿಲ್ಲಿಸಬಹುದು, ಆದ್ದರಿಂದ ಅಡುಗೆ ಗ್ಯಾಸ್ ಒಲೆಯ ಮೇಲೇ ಅಂತ ಲೆಕ್ಕ ಹಾಕಿ. ಹೊರಡುವ ಹಿಂದಿನ ದಿನ ಕಾಡ್ಗಿಚ್ಚಿನ ಸುದ್ದಿ, ಹೊಗೆಯ ಮಟ್ಟ ನೋಡಿ. 2021ರಲ್ಲಿ ಕ್ಯಾಲ್ಡೋರ್ ಬೆಂಕಿ ಹತ್ತಿರ ಬಂದಾಗ ಆಗಸ್ಟ್ 30ರಂದು ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ದರು. ಹೊಗೆ ಇದ್ದರೆ ಹೋಗಬೇಡಿ, ಕಟ್ಟಿದ ದುಡ್ಡು ಹೋದರೆ ಹೋಗಲಿ.

ಇನ್ನು ನಿಮ್ಮ ಅತ್ತೆ ಮಾವ. ಕರೆದುಕೊಂಡು ಹೋಗಿ. ಆದರೆ ರಾತ್ರಿಯ ಚಳಿಗೆ ಸಿದ್ಧರಾಗಿ. ಹಗಲು 25 ಡಿಗ್ರಿ ಇದ್ದ ಜಾಗ ಜುಲೈನಲ್ಲೂ ಬೆಳಗಿನ ಜಾವ ಆರೇಳು ಡಿಗ್ರಿಗೆ ಇಳಿಯುತ್ತದೆ. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಬರುವುದೇ ಜಾಸ್ತಿ. ಅವರಿಗೆ ಮಡಚುವ ಮಂಚ ತನ್ನಿ, ಅದರ ಮೇಲೆ ದಪ್ಪ ಹಾಸು, ಮೇಲೆ ಕಂಬಳಿ. ಮಂಕಿ ಕ್ಯಾಪ್, ಉಲ್ಲನ್ ಸಾಕ್ಸ್ ಇರಲಿ. ಅವರ ಟೆಂಟ್ ಶೌಚಾಲಯಕ್ಕೆ ಹತ್ತಿರ ಹಾಕಿ, ತಲೆಗೆ ಕಟ್ಟುವ ಟಾರ್ಚ್ ಒಂದೊಂದು ಕೊಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಎತ್ತರದ ಬಗ್ಗೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಮೊದಲ ದಿನ ತಲೆನೋವು, ಏದುಸಿರು ಬರಬಹುದು. ನೀರು ಜಾಸ್ತಿ ಕುಡಿಸಿ, ಸುಮ್ನೆ ಕೂರಲು ಬಿಡಿ. ಆಸ್ಪತ್ರೆ ಇರುವುದು ಟ್ರಕೀ ಮತ್ತು ಸೌತ್ ಲೇಕ್ ಟಾಹೋದಲ್ಲಿ. ದಾರಿಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಿ, ಸಿಗ್ನಲ್ ನಂಬಬೇಡಿ.

ನನ್ನ ಅಮ್ಮ ಹಾಸನದಿಂದ ಬಂದಿದ್ದ ವರ್ಷ ಮೊದಲ ಎರಡು ದಿನ ಅವರಿಗೆ ಬೇಸರವಾಗಿತ್ತು. ಚಳಿ, ಗುರುತಿಲ್ಲದ ಜಾಗ, ಎಲ್ಲರೂ ಏನೋ ಗಡಿಬಿಡಿಯಲ್ಲಿ. ಮೂರನೇ ದಿನ ಬೆಳಿಗ್ಗೆ ಅವರನ್ನು ಅದೇ ಪಾರ್ಕಿನ ದಡದ ಹತ್ತಿರವಿರುವ, ಫಿಪ್ಸ್ ಅನ್ನುವವರ ಹಳೆಯ ಮರದ ಮನೆಯ ಕಡೆ ಕರೆದುಕೊಂಡು ಹೋದೆ. ಅಲ್ಲಿ ಬಂಡೆಯಲ್ಲಿ ಗುಂಡಿಗಳಿವೆ. ಅಮ್ಮ ನೋಡಿದ ತಕ್ಷಣ 'ಒರಳು ಕಣೋ ಇದು' ಅಂದರು. ಹೌದು, ಅವು ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನರ ಒರಳುಗಳು. ಈ ಸರೋವರ ಅವರದ್ದು. ಟಾಹೋ ಅನ್ನುವ ಹೆಸರೇ ಅವರ ಮಾತಿನಲ್ಲಿ ಸರೋವರ ಅನ್ನುವ ಪದದಿಂದ ಬಂದದ್ದು. ಸಾವಿರಾರು ವರ್ಷ ಪ್ರತಿ ಬೇಸಿಗೆಯಲ್ಲೂ ಅವರ ಕುಟುಂಬಗಳೆಲ್ಲ ಬೆಟ್ಟ ಹತ್ತಿ ಈ ದಡಕ್ಕೆ ಬರುತ್ತಿದ್ದವು. ಮೀನು ಹಿಡಿದು, ಕಾಳು ಕುಟ್ಟಿ, ಚಳಿಗಾಲಕ್ಕೆ ಕೆಳಗಿಳಿಯುತ್ತಿದ್ದವು.

ಅಮ್ಮ ಗುಂಡಿಯಲ್ಲಿ ತುಂಬಿದ್ದ ಪೈನ್ ಎಲೆ ತೆಗೆದು ಅಂಚಿನ ಮೇಲೆ ಕೈಯಾಡಿಸಿದರು. 'ಎಷ್ಟು ನುಣುಪಾಗಿದೆ ನೋಡು. ಎಷ್ಟು ಜನ ಹೆಂಗಸರು ಕೂತು ಕುಟ್ಟಿರಬೇಕು' ಅಂದರು. ಅಷ್ಟರಲ್ಲಿ ಮಕ್ಕಳೂ ಬಂದರು. ಅಮ್ಮ ಅಲ್ಲೇ ಕೂತು, ಊರಿನ ಮನೆಯ ಒರಳಿನಲ್ಲಿ ತಾವು, ತಮ್ಮ ಅಕ್ಕ ಇಬ್ಬರೂ ಎದುರು ಬದುರು ನಿಂತು ಒನಕೆ ಹಾಕುತ್ತಿದ್ದದ್ದನ್ನು ಕೈಯಲ್ಲಿ ಮಾಡಿ ತೋರಿಸಿದರು. ಇಲ್ಲೇ ಹುಟ್ಟಿದ ಮಕ್ಕಳು, ಒನಕೆ ಅಂದರೆ ಏನು ಅಂತ ಗೊತ್ತಿಲ್ಲದವರು, ಮುಕ್ಕಾಲು ಗಂಟೆ ಅಲುಗಾಡದೆ ಕೂತಿದ್ದರು.

ನಿಮ್ಮ ಅತ್ತೆ ಮಾವನವರನ್ನು ಮೂರನೇ ದಿನದವರೆಗೆ ಕಾಯಿಸಬೇಡಿ. ಮೊದಲ ಬೆಳಿಗ್ಗೆಯೇ, ಗಾಳಿ ಏಳುವ ಮುಂಚೆ, ಅಲ್ಲಿಗೆ ಕರೆದುಕೊಂಡು ಹೋಗಿ. ಒಂದು ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ಜೊತೆಗಿರಲಿ.